ಗೆರೆಯಾಚೆ ನಿಂತವರು: ಏಷ್ಯಾದ ದೊಡ್ಡ ಫುಟ್‌ಬಾಲ್ ಕೋಚ್‌ಗಳು ಯಾರು, ಅವರು ಮಾಡಿದ್ದೇನು?

2026ರ ಫುಟ್‌ಬಾಲ್ ವಿಶ್ವಕಪ್‌ಗೆ 32ರ ಬದಲು 48 ತಂಡ. ಏಷ್ಯಾಕ್ಕೆ ನೇರವಾಗಿ 8 ಜಾಗ ಸಿಕ್ಕಿತು. ಅದಕ್ಕೆ ಮುಂಚಿನ ಕೆಲವು ಸಲ ನಾಲ್ಕೋ ಐದೋ ಇರುತ್ತಿದ್ದವು. ಉಜ್ಬೇಕಿಸ್ತಾನ, ಜೋರ್ಡಾನ್ ತಂಡಗಳು ಮೊದಲ ಸಲ ಒಳಗೆ ಬಂದವು. ಭಾರತ ಅದರಲ್ಲಿಲ್ಲ, ಬಿಡಿ. ಆದರೆ ನಮ್ಮ ತಂಡದಲ್ಲೂ ಒಂದು ಬದಲಾವಣೆ ಆಯಿತು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಭಾರತದ ಮುಖ್ಯ ಕೋಚ್ ಆದರು. ಆ ಕುರ್ಚಿಯಲ್ಲಿ ಭಾರತದವರೇ ಒಬ್ಬರು ಕೂತದ್ದು 13 ವರ್ಷದ ನಂತರ.

ಹೀಗಾಗಿ ಕ್ರಿಕೆಟ್ಟೇ ಜಾಸ್ತಿ ಓಡುವ ಕಲಬುರಗಿಯಂಥ ಊರಲ್ಲೂ ಈಗ ಫುಟ್‌ಬಾಲ್ ಕೋಚ್‌ಗಳ ಮಾತು ಬರುತ್ತಿದೆ. ಟಿವಿಯಲ್ಲಿ ಪಂದ್ಯ ನಡೆಯುತ್ತಿರುತ್ತದೆ, ಕ್ಯಾಮೆರಾ ಪದೇ ಪದೇ ಗೆರೆಯಾಚೆ ನಿಂತ ಒಬ್ಬ ಮನುಷ್ಯನ ಕಡೆ ತಿರುಗುತ್ತದೆ. ಚಹಾದಂಗಡಿಯಲ್ಲಿ ಕೂತವರು ಕೇಳುತ್ತಾರೆ: "ಅಂವ ಹೊರಗ ನಿಂತು ಬರೇ ಚೀರ್ಲಾಕತ್ತಾನಲ್ರಿ, ಅಂವಂದೇನ್ ಕೆಲ್ಸ?" ನ್ಯಾಯವಾದ ಪ್ರಶ್ನೆ. ಕ್ರಿಕೆಟ್‌ನಲ್ಲಿ ಬೌಲರ್ ಬದಲಿಸುವುದು, ಫೀಲ್ಡರ್‌ಗಳನ್ನು ನಿಲ್ಲಿಸುವುದು ಕ್ಯಾಪ್ಟನ್. ಫುಟ್‌ಬಾಲ್‌ನಲ್ಲಿ ಆ ಅಧಿಕಾರ ಬಹುತೇಕ ಹೊರಗೆ ನಿಂತವನದು.

ಏಷ್ಯಾದ ಅಂಥ ದೊಡ್ಡವರ ಪಟ್ಟಿ ಮಾಡಿದರೆ ಮೇಲಿನ ಸಾಲಿನಲ್ಲಿ ಬರುವ ಒಂದು ಹೆಸರು ನಮಗೆ ಬಹಳ ಹತ್ತಿರದ್ದು. ಅವರು ಹೈದರಾಬಾದಿನವರು. ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದ ಕಾಲದವರು. ಅವರ ವಿಷಯಕ್ಕೆ ಬರುವ ಮೊದಲು ಒಂದೆರಡು ಮೂಲ ಸಂಗತಿ ತಿಳಿದುಕೊಳ್ಳೋಣ.

ಕೋಚ್ ಕೆಲಸ ಎಂದರೇನು?

ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಸಂಜೆ ಹುಡುಗರಿಗೆ ಸೀಟಿ ಊದಿ ಓಡಿಸುವವರೂ ಕೋಚ್, ವಿಶ್ವಕಪ್‌ನಲ್ಲಿ ನಿಲ್ಲುವವರೂ ಕೋಚ್. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಮ್ಯಾನೇಜರ್ ಅನ್ನುತ್ತಾರೆ. ಅಲ್ಲಿ ಹಿಂದಿನಿಂದಲೂ ಆಟಗಾರರನ್ನು ಕೊಳ್ಳುವುದು, ಮಾರುವುದು ಕೂಡ ಅವರ ಕೈಯಲ್ಲೇ ಇರುತ್ತಿತ್ತು. ಬೇರೆ ಕಡೆ ಹೆಡ್ ಕೋಚ್. ನಮ್ಮಲ್ಲಿ ಎಲ್ಲರೂ ಕೋಚ್ ಎಂದೇ ಕರೆಯುವುದರಿಂದ ಇಲ್ಲೂ ಹಾಗೇ ಬರೆಯುತ್ತೇನೆ.

ಕೋಚ್‌ನ ಮುಖ್ಯ ಕೆಲಸ ಪಂದ್ಯಕ್ಕೆ ಮುಂಚೆಯೇ ನಡೆದಿರುತ್ತದೆ. ಯಾರು ಆಡಬೇಕು, ಯಾರು ಎಲ್ಲಿ ನಿಲ್ಲಬೇಕು, ಚೆಂಡು ಕಳೆದುಕೊಂಡ ಕೂಡಲೇ ಮುನ್ನುಗ್ಗಬೇಕೋ ಹಿಂದೆ ಸರಿಯಬೇಕೋ, ಇವೆಲ್ಲ ಅಭ್ಯಾಸದಲ್ಲೇ ಕಾಲಿಗೆ ರೂಢಿಯಾಗಿರಬೇಕು. ನಿಲ್ಲುವ ಕ್ರಮಕ್ಕೆ ಫಾರ್ಮೇಶನ್ ಎನ್ನುತ್ತಾರೆ. 4-2-4 ಎಂದರೆ ಗೋಲ್‌ಕೀಪರ್ ಮುಂದೆ 4 ಜನ ಡಿಫೆಂಡರ್ (ಎದುರಾಳಿಯ ದಾಳಿ ತಡೆಯುವವರು), ನಡುವೆ 2, ಗೋಲು ಹೊಡೆಯಲು ಮುಂದೆ 4. ಲೆಕ್ಕ ಯಾವಾಗಲೂ ಹಿಂದಿನಿಂದ ಮುಂದಕ್ಕೆ.

ಪಂದ್ಯ ಶುರುವಾದ ಮೇಲೆ ಅವನಿಗೆ ಉಳಿಯುವ ಅವಕಾಶ ಕಮ್ಮಿ. ತನಗೆ ಬೇಕೆನಿಸಿದಾಗ ಟೈಮ್‌ಔಟ್ ಕೇಳುವ ಹಾಗಿಲ್ಲ. 45 ನಿಮಿಷದ ನಂತರ 15 ನಿಮಿಷದ ಬಿಡುವು ಇರುತ್ತದೆ, ಆಗ ಕೂಡಿಸಿಕೊಂಡು ಮಾತಾಡಬಹುದು. ಈಗಿನ ನಿಯಮದಲ್ಲಿ 5 ಬದಲಿ ಆಟಗಾರರನ್ನು ಇಳಿಸಬಹುದು. ಹೊರಬಂದವನು ಮತ್ತೆ ಒಳಗೆ ಹೋಗುವಂತಿಲ್ಲ. ಹಾಗಾಗಿ ಯಾರನ್ನು ಯಾವಾಗ ಇಳಿಸುತ್ತಾನೆ ಎಂಬುದರಲ್ಲಿ ಕೋಚ್‌ನ ತಲೆ ಕಾಣಿಸುತ್ತದೆ.

ಕ್ಲಬ್ ಕೋಚ್‌ಗೂ ದೇಶದ ತಂಡದ ಕೋಚ್‌ಗೂ ಬಹಳ ವ್ಯತ್ಯಾಸವಿದೆ. ಕ್ಲಬ್ ಕೋಚ್ ತನ್ನ ಹೊಲದಲ್ಲಿ ತಾನೇ ತೊಗರಿ ಬಿತ್ತಿ, ಕಳೆ ತೆಗೆದು, ರಾಶಿ ಮಾಡುವ ರೈತನ ಹಾಗೆ. ವರ್ಷವಿಡೀ ಅವೇ ಆಟಗಾರರು ಕಣ್ಣೆದುರಿಗೆ ಇರುತ್ತಾರೆ. ದೇಶದ ಕೋಚ್ ಬರುವುದು ರಾಶಿ ಹೊತ್ತಿಗೆ. ಬಿತ್ತಿದವರು ಬೇರೆ, ನೀರು ಹಾಯಿಸಿದವರು ಬೇರೆ. ಬಂದ ಕಾಳಲ್ಲೇ ಅವನು ಕೆಲಸ ನಡೆಸಬೇಕು. ಪಂದ್ಯಕ್ಕೆ ಕೆಲವೇ ದಿನ ಮುಂಚೆ ಆಟಗಾರರು ಅವನ ಕೈಗೆ ಸಿಗುತ್ತಾರೆ.

ಅಳೆಯುವ ಪಟ್ಟಿ ಯಾವುದು?

ಏಷ್ಯಾದ ಫುಟ್‌ಬಾಲ್ ನೋಡಿಕೊಳ್ಳುವ ಸಂಸ್ಥೆ ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಶನ್, ಚಿಕ್ಕದಾಗಿ ಎಎಫ್‌ಸಿ. 1954ರಲ್ಲಿ ಶುರುವಾಯಿತು, ಈಗ 47 ಸದಸ್ಯರಿದ್ದಾರೆ. ದೇಶಗಳ ನಡುವೆ ಏಷ್ಯನ್ ಕಪ್, ಕ್ಲಬ್‌ಗಳ ನಡುವೆ ಏಷ್ಯನ್ ಚಾಂಪಿಯನ್ಸ್ ಲೀಗ್. ಇವೆರಡೂ ಅದರ ದೊಡ್ಡ ಪಂದ್ಯಾವಳಿಗಳು. ಏಷ್ಯನ್ ಗೇಮ್ಸ್ ಬೇರೆ. ಅಲ್ಲಿ 2002ರಿಂದ ಮುಖ್ಯವಾಗಿ 23 ವರ್ಷದೊಳಗಿನವರು ಆಡುತ್ತಾರೆ. ಅದಕ್ಕೆ ಮುಂಚೆ ದೇಶದ ಪೂರ್ತಿ ತಂಡವೇ ಇಳಿಯುತ್ತಿತ್ತು, ಹಾಗಾಗಿ 1951 ಅಥವಾ 1962ರ ಚಿನ್ನಕ್ಕೆ ಇವತ್ತಿನ ಚಿನ್ನಕ್ಕಿಂತ ತೂಕ ಜಾಸ್ತಿ.

ಬರೀ ಕಪ್ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಜಪಾನ್ 4 ಸಲ ಏಷ್ಯನ್ ಕಪ್ ಗೆದ್ದಿದೆ: 1992, 2000, 2004, 2011. ನಾಲ್ಕೂ ಸಲ ಕೋಚ್ ಹೊರದೇಶದವರು, ಕ್ರಮವಾಗಿ ಡಚ್, ಫ್ರೆಂಚ್, ಬ್ರೆಜಿಲ್, ಇಟಲಿ. ಇರಾನ್ 1968, 1972, 1976ರಲ್ಲಿ ಸತತ 3 ಸಲ ಗೆದ್ದಿತು. ಮೂರೂ ಸಲ ಕೋಚ್ ಇರಾನಿನವರೇ. ಆದರೂ ಇವತ್ತು ಒಳ್ಳೆಯ ಕೋಚ್‌ಗಳನ್ನು ತಯಾರಿಸುವ ದೇಶ ಎಂದರೆ ಮೊದಲು ಜಪಾನ್ ಹೆಸರೇ ಬರುತ್ತದೆ. ಯಾಕೆ ಅಂದರೆ ಜಪಾನಿಗೆ ಬಂದ ಹೊರಗಿನವರ ಪಕ್ಕದಲ್ಲಿ ಕಲಿಯುವವರೂ ಇದ್ದರು. ಏಷ್ಯಾದ ಹೆಚ್ಚಿನ ದೊಡ್ಡ ಕೋಚ್‌ಗಳ ಹಿಂದೆ ಹೀಗೆ ಒಬ್ಬ ಗುರು ಇರುತ್ತಾನೆ. ಯಾರಿಂದ ಕಲಿತರು, ಮುಂದೆ ಯಾರಿಗೆ ಕಲಿಸಿದರು ಎಂದು ಹಿಡಿದು ನೋಡಿದರೆ ಕಥೆ ಬಿಚ್ಚಿಕೊಳ್ಳುತ್ತದೆ.

ಹೈದರಾಬಾದಿನ ರಹೀಂ ಸಾಹೇಬರು

ಸೈಯದ್ ಅಬ್ದುಲ್ ರಹೀಂ ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ವೃತ್ತಿಯಿಂದ ಶಾಲೆ ಮೇಷ್ಟ್ರು. 1940ರ ದಶಕದಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಆ ತಂಡ 1950ರಿಂದ 1954ರವರೆಗೆ ಮುಂಬೈಯ ರೋವರ್ಸ್ ಕಪ್ಪನ್ನು ಸತತ 5 ವರ್ಷ ಗೆದ್ದಿತು. ಕೋಲ್ಕತಾದ ದೊಡ್ಡ ಕ್ಲಬ್‌ಗಳು ಇದ್ದ ಕಾಲದಲ್ಲಿ ಒಂದು ಪೊಲೀಸ್ ತಂಡ ಹೀಗೆ ಮಾಡಿದ್ದು ಸುಮ್ನೆ ಮಾತಲ್ಲ.

1950ರಿಂದ ಅವರು ಭಾರತದ ಕೋಚ್. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಅಲ್ಲಿ ಯುಗೊಸ್ಲಾವಿಯಾ 10-1ರಿಂದ ಹೊಡೆದು ಹಾಕಿತು. ನಮ್ಮವರಲ್ಲಿ ಹಲವರು ಆಗಿನ್ನೂ ಬರಿಗಾಲಲ್ಲೇ ಆಡುತ್ತಿದ್ದರು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು.

ರಹೀಂ ಬದಲಿಸಿದ್ದು ಕಾಲಿನ ಬೂಟನ್ನಷ್ಟೇ ಅಲ್ಲ. ಆಗ ಭಾರತದಲ್ಲಿ ಚೆಂಡು ಸಿಕ್ಕವನು ಒಬ್ಬನೇ ಡ್ರಿಬಲ್ ಮಾಡಿಕೊಂಡು ಹೋಗುವುದೇ ದೊಡ್ಡ ಆಟ ಎನಿಸಿಕೊಂಡಿತ್ತು. ಡ್ರಿಬಲ್ ಎಂದರೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡ ಹಾಗೆ ಎದುರಾಳಿಗಳನ್ನು ತಪ್ಪಿಸುತ್ತ ಓಡುವುದು. ನೋಡಲು ಚೆಂದ, ಆದರೆ ತಂಡಕ್ಕೆ ಹೊತ್ತು ಹಾಳು. ರಹೀಂ ಅಭ್ಯಾಸದಲ್ಲಿ ಡ್ರಿಬಲ್ ಮಾಡುವಂತೆಯೇ ಇಲ್ಲ ಎಂಬ ಷರತ್ತು ಹಾಕಿ ಪಂದ್ಯ ಆಡಿಸುತ್ತಿದ್ದರು. ಚೆಂಡು ಬಂದ ಕೂಡಲೇ ಮುಂದಿನವನಿಗೆ ದಾಟಿಸಬೇಕು. ಬಲಗಾಲಿನವರಿಗೆ ಎಡಗಾಲಲ್ಲೇ ಒದೆಯಬೇಕು ಎಂಬ ಪಂದ್ಯಗಳೂ ಇರುತ್ತಿದ್ದವು. ಎರಡೂ ಕಾಲು ಬಂದರೆ ಯಾವ ಕಡೆಯಿಂದ ಚೆಂಡು ಬಂದರೂ ತಿರುಗಿ ನಿಲ್ಲುವ ಅರ್ಧ ಸೆಕೆಂಡು ಉಳಿಯುತ್ತದೆ.

ಅದೇ ಕಾಲಕ್ಕೆ ಯುರೋಪಿನಲ್ಲಿ ಹಂಗೇರಿ ತಂಡ ಹೊಸ ಆಟ ತಂದಿತ್ತು. 1953ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿ ಎಲ್ಲರ ಕಣ್ಣು ತೆರೆಸಿತು. ಮುಂದೆ ನಿಲ್ಲಬೇಕಾದ ಸೆಂಟರ್ ಫಾರ್ವರ್ಡ್ ಸ್ವಲ್ಪ ಹಿಂದೆ ಸರಿದು ನಿಲ್ಲುವುದು ಅದರ ಗುಟ್ಟು. ಅವನನ್ನು ಕಾಯಬೇಕಾದ ಡಿಫೆಂಡರ್‌ಗೆ ಗೊಂದಲ. ಬೆನ್ನು ಹತ್ತಿದರೆ ಹಿಂದೆ ಜಾಗ ಖಾಲಿ, ನಿಂತಲ್ಲೇ ನಿಂತರೆ ಅವನು ಆರಾಮಾಗಿ ಚೆಂಡು ಹಂಚುತ್ತಾನೆ. ರಹೀಂ ಈ ಪಾಠ ಹಿಡಿದರು. ಮುಂದೆ 4-2-4 ಕ್ರಮವನ್ನೂ ಭಾರತಕ್ಕೆ ತಂದರು. ಜಗತ್ತಿಗೆ ಆ ಕ್ರಮ ಪರಿಚಯವಾದದ್ದು 1958ರಲ್ಲಿ ಬ್ರೆಜಿಲ್ ವಿಶ್ವಕಪ್ ಗೆದ್ದಾಗ.

ಫಲ ಕಂಡದ್ದು ಮೆಲ್ಬರ್ನ್‌ನಲ್ಲಿ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಒಡೆದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಭಾರತ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ 3 ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. ಮೊದಲ ಗೋಲು ಭಾರತದ್ದೇ, ಆಮೇಲೆ 4-1ರ ಸೋಲು. ಕೊನೆಗೆ ನಾಲ್ಕನೇ ಸ್ಥಾನ. 10-1ರಿಂದ ಸೋತವರು ನಾಲ್ಕೇ ವರ್ಷದಲ್ಲಿ ಅದೇ ತಂಡದ ಮೇಲೆ ಮುನ್ನಡೆ ಸಾಧಿಸಿದ್ದರು. ನನ್ನ ಕಣ್ಣಿಗೆ ರಹೀಂ ಅವರ ದೊಡ್ಡಸ್ತಿಕೆಗೆ ಎರಡು ಚಿನ್ನಕ್ಕಿಂತ ಇದೇ ಗಟ್ಟಿ ಸಾಕ್ಷಿ.

ಎರಡನೇ ಚಿನ್ನ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಮುಂದೊಂದು ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಅವರನ್ನು ಹಿಂದೆ ನಿಲ್ಲಿಸುವಂತಿಲ್ಲ, ಕೂರಿಸಲೂ ಮನಸ್ಸಿಲ್ಲ. ರಹೀಂ ಅವರನ್ನು ಎತ್ತಿ ಮುಂದೆ, ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಲ್ಲಿಸಿದರು. ಜನರೋ ಪೂರ್ತಿ ಭಾರತದ ವಿರುದ್ಧ. ಇಸ್ರೇಲ್ ಮತ್ತು ತೈವಾನ್‌ಗೆ ಇಂಡೊನೇಷ್ಯಾ ಪ್ರವೇಶ ಕೊಡದ್ದನ್ನು ಭಾರತದ ಕ್ರೀಡಾಧಿಕಾರಿ ಗುರುದತ್ತ ಸೋಂಧಿ ಟೀಕಿಸಿದ್ದರು, ಆ ಸಿಟ್ಟು ಊರೆಲ್ಲ ಹಬ್ಬಿತ್ತು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಕೊರಿಯಾ. ಪಿ.ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದರು. ಇನ್ನೊಂದು ಹೊಡೆದದ್ದು ತಲೆಗೆ ಪಟ್ಟಿ ಕಟ್ಟಿಕೊಂಡ ಅದೇ ಜರ್ನೈಲ್. 2-1. ಆ ಹೊತ್ತಿಗೆ ರಹೀಂ ಅವರನ್ನು ಶ್ವಾಸಕೋಶದ ಕ್ಯಾನ್ಸರ್ ತಿನ್ನುತ್ತಿತ್ತು. 1963ರ ಜೂನ್‌ನಲ್ಲಿ ತೀರಿಕೊಂಡರು. ಅದಾದ ಮೇಲೆ ಭಾರತ ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಗೆದ್ದಿಲ್ಲ.

ಅವರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಫುಟ್‌ಬಾಲ್‌ಗೇ ಬದುಕು ಕೊಟ್ಟವರು. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು, ಅಂತರರಾಷ್ಟ್ರೀಯ ರೆಫರಿ ಆಗಿದ್ದರು, 1982ರ ಏಷ್ಯನ್ ಗೇಮ್ಸ್‌ನಲ್ಲಿ ಸಹಾಯಕ ಕೋಚ್ ಆಗಿದ್ದರು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. 2021ರ ಆಗಸ್ಟ್‌ನಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ. ಊರಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತೋ.

ಜಪಾನ್: ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ

1960ರಲ್ಲಿ ಜಪಾನ್ ಒಬ್ಬ ಜರ್ಮನ್ ಕೋಚ್‌ನನ್ನು ಕರೆಸಿತು. ಹೆಸರು ಡೆಟ್ಮಾರ್ ಕ್ರಾಮರ್. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ತಂಡ ತಯಾರಾಗಬೇಕಿತ್ತು. ಮುಖ್ಯ ಕೋಚ್ ಜಾಗದಲ್ಲಿ ಜಪಾನಿನ ಕೆನ್ ನಾಗನುಮಾ, ಹಿಂದೆ ನಿಂತು ಕಲಿಸುವವರು ಕ್ರಾಮರ್. ಆ ಒಲಿಂಪಿಕ್ಸ್‌ನಲ್ಲಿ ಜಪಾನ್ ಅರ್ಜೆಂಟೀನಾವನ್ನು 3-2ರಿಂದ ಸೋಲಿಸಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅದೇ ನಾಗನುಮಾ ಕೈಕೆಳಗೆ ಕಂಚು ಬಂತು. ಟೋಕಿಯೊ ಒಲಿಂಪಿಕ್ಸ್ ಮುಗಿದು ಹೊರಡುವ ಮುಂಚೆ ಕ್ರಾಮರ್ ಹೇಳಿದ್ದೇನೆಂದರೆ, ದೇಶದ ತಂಡ ಚೆನ್ನಾಗಿರಬೇಕಾದರೆ ವರ್ಷವಿಡೀ ನಡೆಯುವ ಒಂದು ಲೀಗ್ ಬೇಕು, ಕೋಚ್‌ಗಳಿಗೆ ತರಬೇತಿ ಬೇಕು. ಜಪಾನ್ 1965ರಲ್ಲೇ ಲೀಗ್ ಶುರು ಮಾಡಿತು. 1993ರಲ್ಲಿ ವೃತ್ತಿಪರ ಜೆ ಲೀಗ್ ಬಂತು.

ಆ ನೆಲದಿಂದ ಬಂದವರು ತಕೇಶಿ ಒಕಾಡಾ. 1997ರಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಗಳ ನಡುವೆಯೇ ಮುಖ್ಯ ಕೋಚ್‌ನನ್ನು ತೆಗೆದಾಗ ಸಹಾಯಕರಾಗಿದ್ದ ಇವರ ಹೆಗಲಿಗೆ ಭಾರ ಬಿತ್ತು. ಜಪಾನನ್ನು ಮೊದಲ ಸಲ ವಿಶ್ವಕಪ್‌ಗೆ ಕರೆದುಕೊಂಡು ಹೋದವರು ಇವರೇ. ಹೋಗುವಾಗ ದೇಶದ ಕಣ್ಮಣಿಯಾಗಿದ್ದ ಕಜುಯೋಶಿ ಮಿಯುರಾ ಅವರನ್ನೇ ತಂಡದಿಂದ ಕೈಬಿಟ್ಟರು. ಆ ತೀರ್ಮಾನದ ಬಗ್ಗೆ ಇಂದಿಗೂ ಅಲ್ಲಿ ವಾದ ನಡೆಯುತ್ತದೆ. ಮತ್ತೆ ಬಂದು 2010ರ ವಿಶ್ವಕಪ್‌ನಲ್ಲಿ ತಂಡವನ್ನು ಕೊನೆಯ 16ರವರೆಗೆ ಒಯ್ದರು. ನಡುವೆ 2003, 2004ರಲ್ಲಿ ಯೊಕೊಹಾಮಾ ಎಫ್. ಮರಿನೋಸ್‌ಗೆ ಲೀಗ್ ಗೆದ್ದುಕೊಟ್ಟಿದ್ದರು.

ಈಗಿನವರು ಹಾಜಿಮೆ ಮೊರಿಯಾಸು. ಇವರ ಕಥೆ 1993ರಲ್ಲಿ ಕತಾರ್‌ನ ದೋಹಾದಿಂದ ಶುರುವಾಗುತ್ತದೆ. ಆಗ ಅವರು ಆಟಗಾರ. ಇರಾಕ್ ವಿರುದ್ಧ ಗೆದ್ದರೆ ಜಪಾನ್ ವಿಶ್ವಕಪ್‌ಗೆ. 2-1ರ ಮುನ್ನಡೆ ಇತ್ತು, ಕೊನೆಯ ಗಳಿಗೆಯಲ್ಲಿ ಇರಾಕ್ ಗೋಲು ಹೊಡೆದು ಪಂದ್ಯ 2-2. ಕನಸು ಅಲ್ಲೇ ಮುರಿಯಿತು. ಕೋಚ್ ಆದ ಮೇಲೆ ಮೊರಿಯಾಸು ಸಾನ್‌ಫ್ರೆಚೆ ಹಿರೋಶಿಮಾಗೆ 2012, 2013, 2015ರಲ್ಲಿ ಲೀಗ್ ಗೆದ್ದುಕೊಟ್ಟರು. 2018ರಲ್ಲಿ ದೇಶದ ತಂಡ ಕೈಗೆ ಬಂತು. 2022ರ ವಿಶ್ವಕಪ್‌ಗೆ ಮತ್ತೆ ಅದೇ ದೋಹಾ ಸುತ್ತಮುತ್ತ ಬಂದಿಳಿದರು.

ಜರ್ಮನಿ ಎದುರಿನ ಪಂದ್ಯ ಕೋಚ್ ಕೆಲಸ ಅರ್ಥ ಮಾಡಿಕೊಳ್ಳಲು ಒಳ್ಳೆ ಪಾಠ. ಮೊದಲರ್ಧದಲ್ಲಿ ಜಪಾನ್ ಪೂರ್ತಿ ಹಿಂಡಿ ಹೋಗಿತ್ತು, 1-0 ಹಿಂದಿತ್ತು. ಬಿಡುವಿನಲ್ಲಿ ಮೊರಿಯಾಸು ಮುಂದೆ ಆಡುವ ಒಬ್ಬನನ್ನು ತೆಗೆದು ಡಿಫೆಂಡರ್ ಟೊಮಿಯಾಸುವನ್ನು ಇಳಿಸಿದರು. ಹಿಂದಿದ್ದೀರಿ, ಗೋಲು ಬೇಕು, ಆಗ ಯಾರಾದರೂ ಡಿಫೆಂಡರ್‌ನನ್ನು ತರುತ್ತಾರಾ? ಆದರೆ ಹಿಂದೆ 3 ಜನ ಗಟ್ಟಿಯಾಗಿ ನಿಂತ ಕೂಡಲೇ ಎರಡೂ ಬದಿಯವರಿಗೆ ಮುಂದೆ ಓಡುವ ಧೈರ್ಯ ಬಂತು. ಆಮೇಲೆ ಒಬ್ಬೊಬ್ಬರಾಗಿ ದಾಳಿಗಾರರನ್ನು ಒಳಗೆ ಬಿಟ್ಟರು. 75ನೇ ನಿಮಿಷಕ್ಕೆ ಡೊವಾನ್, 83ನೇ ನಿಮಿಷಕ್ಕೆ ಅಸಾನೊ ಗೋಲು ಹೊಡೆದರು. ಇಬ್ಬರೂ ಬದಲಿಯಾಗಿ ಬಂದವರು. 2-1. ಸ್ಪೇನ್ ವಿರುದ್ಧವೂ ಅದೇ 2-1, ಅದೂ ಚೆಂಡು ಐದರಲ್ಲಿ ಒಂದು ಪಾಲು ಹೊತ್ತೂ ತಮ್ಮ ಬಳಿ ಇಲ್ಲದೆ.

ಕೊರಿಯಾದ ಬೆಂಚಿನಿಂದ ವಿಯೆಟ್ನಾಂಗೆ

2002ರಲ್ಲಿ ದಕ್ಷಿಣ ಕೊರಿಯಾ ವಿಶ್ವಕಪ್ ಸೆಮಿಫೈನಲ್ ತಲುಪಿತು. ಕೋಚ್ ನೆದರ್‌ಲೆಂಡ್ಸ್‌ನ ಗುಸ್ ಹಿಡಿಂಕ್, ಕ್ಯಾಪ್ಟನ್ ಹಾಂಗ್ ಮ್ಯುಂಗ್‌ಬೊ, ಸಹಾಯಕ ಕೋಚ್ ಪಾರ್ಕ್ ಹಾಂಗ್‌ಸಿಯೊ. ಹಿಡಿಂಕ್ ಹೊರಟುಹೋದರು, ಕಲಿತವರು ಉಳಿದರು.

ಹಾಂಗ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಪಾನನ್ನು ಸೋಲಿಸಿ ಕಂಚು ತಂದರು. 2014ರ ವಿಶ್ವಕಪ್‌ನಲ್ಲಿ ಮುಗ್ಗರಿಸಿದರು. ಆಮೇಲೆ ಉಲ್ಸಾನ್ ಕ್ಲಬ್‌ಗೆ 2022, 2023ರಲ್ಲಿ ಲೀಗ್ ಗೆಲ್ಲಿಸಿ 2024ರಲ್ಲಿ ದೇಶದ ತಂಡಕ್ಕೆ ಮರಳಿದರು.

ಪಾರ್ಕ್ ಹಾದಿ ಇನ್ನೂ ಏರುಪೇರು. ವಿಶ್ವಕಪ್ ಮುಗಿದ ಬೆನ್ನಿಗೆ ಏಷ್ಯನ್ ಗೇಮ್ಸ್ ತಂಡ ಅವರ ಕೈಗೆ ಬಂತು. ಕಂಚು ಬಂದರೂ ಸಾಲದು ಎಂದು ಕೆಲಸದಿಂದ ತೆಗೆದರು. ಮುಂದೆ ಒಂದೊಂದೇ ಕ್ಲಬ್ ಇಳಿಯುತ್ತ 2017ರ ಹೊತ್ತಿಗೆ ಕೊರಿಯಾದ ಕೆಳಗಿನ ಲೀಗ್‌ನಲ್ಲಿದ್ದರು. ಅಲ್ಲಿಂದ ವಿಯೆಟ್ನಾಂ ಕರೆಯಿತು.

ವಿಯೆಟ್ನಾಂ ಆಟಗಾರರು ಚುರುಕು, ಆದರೆ ಕೊನೆಯ ಹೊತ್ತಿಗೆ ಸುಸ್ತಾಗುತ್ತಾರೆ ಎಂಬ ಮಾತಿತ್ತು. ಪಾರ್ಕ್ ಊಟ, ದೇಹದ ತಯಾರಿಯಿಂದ ಶುರು ಮಾಡಿದರು. ಹಿಂದೆ 3 ಜನ ನಿಲ್ಲಿಸಿ, ಬೇಕಾದಾಗ ಅದು 5 ಆಗುವ ಕ್ರಮ ಕಲಿಸಿದರು. 2018ರ ಜನವರಿಯಲ್ಲಿ ಚೀನಾದ ಚಾಂಗ್‌ಝೌನಲ್ಲಿ 23 ವರ್ಷದೊಳಗಿನವರ ಏಷ್ಯನ್ ಫೈನಲ್. ಹಿಮ ಸುರಿಯುತ್ತಿತ್ತು. ಹಿಮವನ್ನೇ ಸರಿಯಾಗಿ ಕಾಣದ ದೇಶದ ಹುಡುಗರು ಅಲ್ಲಿ ಉಜ್ಬೇಕಿಸ್ತಾನದ ಎದುರು ಹೆಚ್ಚುವರಿ ಸಮಯದ ಕೊನೆಯವರೆಗೂ ಹೋರಾಡಿ 2-1ರಿಂದ ಸೋತರು. ಅದೇ ವರ್ಷ ಆಗ್ನೇಯ ಏಷ್ಯಾ ಕಪ್ ಗೆದ್ದರು, 2019ರಲ್ಲಿ ಏಷ್ಯನ್ ಕಪ್ ಕ್ವಾರ್ಟರ್ ಫೈನಲ್ ತಲುಪಿದರು. ವಿಶ್ವಕಪ್ ಅರ್ಹತೆಯ ಕೊನೆ ಸುತ್ತಿಗೆ ಮೊದಲ ಸಲ ಬಂದು 2022ರ ಫೆಬ್ರವರಿ 1ರಂದು, ಅವರ ಹೊಸ ವರ್ಷದ ದಿನವೇ, ಚೀನಾವನ್ನು 3-1ರಿಂದ ಮಣಿಸಿದರು. ಒಮ್ಮೆ ವಿಮಾನದಲ್ಲಿ ಪಾರ್ಕ್ ತಮ್ಮ ಬಿಸಿನೆಸ್ ಕ್ಲಾಸ್ ಸೀಟನ್ನು ಗಾಯಗೊಂಡ ಆಟಗಾರನಿಗೆ ಬಿಟ್ಟುಕೊಟ್ಟು ಹಿಂದೆ ಹೋಗಿ ಕೂತದ್ದು ಅಲ್ಲಿ ಮನೆಮಾತಾಯಿತು.

ಕ್ಲಬ್‌ನಲ್ಲಿ ದೊಡ್ಡ ಹೆಸರು ಬೇಕೆಂದರೆ ಕೊರಿಯಾದ ಚೋಯ್ ಕಾಂಗ್‌ಹೀ. ಜಿಯೊನ್‌ಬುಕ್ ತಂಡಕ್ಕೆ 6 ಸಲ ಲೀಗ್, 2006 ಮತ್ತು 2016ರಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್.

ಕುರ್ಚಿ ಬಿಸಿ ಇರುವ ಪಶ್ಚಿಮ ಏಷ್ಯಾ

ಕೊಲ್ಲಿ ದೇಶಗಳಲ್ಲಿ ದುಡ್ಡಿದೆ, ತಾಳ್ಮೆ ಕಮ್ಮಿ. ಯುರೋಪ್, ದಕ್ಷಿಣ ಅಮೆರಿಕದಿಂದ ಹೆಸರಾಂತರನ್ನು ಕರೆಸುತ್ತಾರೆ, ಎರಡು ಪಂದ್ಯ ಸೋತರೆ ಕಳಿಸುತ್ತಾರೆ. ಆ ಖಾಲಿ ಜಾಗ ತುಂಬಲು ಸ್ಥಳೀಯರು ಬೇಕಾಗುತ್ತದೆ. ಖಲೀಲ್ ಅಲ್ ಜಯಾನಿ ಹಾಗೆ ಬಂದವರು. ಎತ್ತಿಫಾಕ್ ಕ್ಲಬ್‌ಗೆ ಒಂದೂ ಪಂದ್ಯ ಸೋಲದೆ ಸೌದಿ ಲೀಗ್ ಗೆಲ್ಲಿಸಿದ್ದರು. 1984ರಲ್ಲಿ ಬ್ರೆಜಿಲ್‌ನ ಮಾರಿಯೊ ಜಗಾಲೊ ಜಾಗಕ್ಕೆ ಬಂದು ಅದೇ ವರ್ಷ ಸಿಂಗಪುರದಲ್ಲಿ ಸೌದಿಗೆ ಮೊದಲ ಏಷ್ಯನ್ ಕಪ್ ತಂದುಕೊಟ್ಟರು.

ಇರಾನಿನ ಹೆಷ್ಮತ್ ಮೊಹಾಜೆರಾನಿ ಕಲಿತದ್ದು ಐರ್ಲೆಂಡಿನ ಫ್ರಾಂಕ್ ಓಫ್ಯಾರಲ್ ಪಕ್ಕದಲ್ಲಿ ಸಹಾಯಕರಾಗಿ. 1976ರ ಏಷ್ಯನ್ ಕಪ್ ಗೆದ್ದರು, 1978ರಲ್ಲಿ ಇರಾನನ್ನು ಮೊದಲ ವಿಶ್ವಕಪ್‌ಗೆ ಒಯ್ದರು. ಅಲ್ಲಿ ಸ್ಕಾಟ್ಲೆಂಡ್ ಜೊತೆ 1-1ರ ಸಮ ಮಾಡಿಕೊಂಡರು.

ಇರಾಕಿನ ಅಮ್ಮೊ ಬಾಬಾ ಕಥೆ ಬೇರೆ ತೂಕದ್ದು. 1982ರಲ್ಲಿ ನಮ್ಮ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಕುವೈತನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡ ಅವರದ್ದು. ಗಲ್ಫ್ ಕಪ್ 3 ಸಲ ಗೆದ್ದರು. ಸದ್ದಾಂ ಮಗ ಉದಯ್ ಇರಾಕಿನ ಕ್ರೀಡೆಯ ಚುಕ್ಕಾಣಿ ಹಿಡಿದಿದ್ದ ವರ್ಷಗಳಲ್ಲಿ ಸೋತ ಆಟಗಾರರಿಗೆ ಹೊಡೆತ, ಜೈಲು ಕಾದಿರುತ್ತಿತ್ತು. ಅಂಥದ್ದರಲ್ಲೂ ಅವರು ದೇಶ ಬಿಡಲಿಲ್ಲ. ಕೊನೆಗಾಲದಲ್ಲಿ ಬಾಗ್ದಾದಿನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಶಾಲೆ ನಡೆಸಿದರು. 2009ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದು ಬಾಗ್ದಾದಿನ ಅಲ್ ಶಾಬ್ ಕ್ರೀಡಾಂಗಣದಲ್ಲೇ.

ವಿಶ್ವಕಪ್ ಗೆದ್ದ ಒಬ್ಬರೇ ಕೋಚ್

ಏಷ್ಯಾದ ಯಾವ ಕೋಚ್ ವಿಶ್ವಕಪ್ ಗೆದ್ದಿದ್ದಾರೆ ಎಂದು ಕೇಳಿದರೆ ಬಹಳ ಜನ "ಯಾರೂ ಇಲ್ಲ" ಎನ್ನುತ್ತಾರೆ. ಇದ್ದಾರೆ. ನೊರಿಯೊ ಸಸಾಕಿ. 2011ರಲ್ಲಿ ಜರ್ಮನಿಯಲ್ಲಿ ನಡೆದ ಮಹಿಳಾ ವಿಶ್ವಕಪ್ ಗೆದ್ದ ಜಪಾನ್ ತಂಡದ ಕೋಚ್. ಆ ವರ್ಷದ ಮಾರ್ಚ್‌ನಲ್ಲಷ್ಟೇ ಜಪಾನಿನಲ್ಲಿ ಭೂಕಂಪ, ಸುನಾಮಿ ಬಂದಿತ್ತು. ಫೈನಲ್‌ನಲ್ಲಿ ಅಮೆರಿಕ ಎರಡು ಸಲ ಮುನ್ನಡೆ ಪಡೆಯಿತು, ಎರಡು ಸಲವೂ ಜಪಾನ್ ಹಿಡಿಯಿತು. 117ನೇ ನಿಮಿಷದಲ್ಲಿ ಹೊಮಾರೆ ಸಾವಾ 2-2 ಮಾಡಿದರು. ಇನ್ನು ಪೆನಾಲ್ಟಿ, ಅಂದರೆ ಸರದಿಯಂತೆ ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಚೆಂಡು ಒದೆಯುವುದು. ಸುತ್ತ ನಿಂತ ಆಟಗಾರ್ತಿಯರ ನಡುವೆ ಸಸಾಕಿ ನಗುತ್ತಿದ್ದರು, ಅವರೂ ನಕ್ಕರು. ಎದುರು ತಂಡದ ಮುಖಗಳು ಬಿಗಿದಿದ್ದವು. ಪೆನಾಲ್ಟಿಯಲ್ಲಿ 3-1. ಮರುವರ್ಷ ಒಲಿಂಪಿಕ್ಸ್ ಬೆಳ್ಳಿ, 2015ರಲ್ಲಿ ಮತ್ತೆ ವಿಶ್ವಕಪ್ ಫೈನಲ್.

ಹಾಂಕಾಂಗಿನ ಚಾನ್ ಯುಯೆನ್‌ಟಿಂಗ್ ಹೆಸರೂ ಇಲ್ಲಿ ಬರಬೇಕು. 2016ರಲ್ಲಿ ಈಸ್ಟರ್ನ್ ಕ್ಲಬ್‌ಗೆ ಹಾಂಕಾಂಗ್ ಲೀಗ್ ಗೆಲ್ಲಿಸಿದಾಗ ಅವರಿಗಿನ್ನೂ 30 ಆಗಿರಲಿಲ್ಲ. ಒಂದು ದೇಶದ ಪುರುಷರ ಮೇಲ್ಮಟ್ಟದ ಲೀಗ್ ಗೆದ್ದ ತಂಡಕ್ಕೆ ಕೋಚ್ ಆಗಿದ್ದ ಮೊದಲ ಮಹಿಳೆ.

ಯುರೋಪಿನಲ್ಲಿ ಯಾಕೆ ಕಾಣುವುದಿಲ್ಲ?

ಏಷ್ಯಾದ ಆಟಗಾರರು ಯುರೋಪಿನ ದೊಡ್ಡ ಕ್ಲಬ್‌ಗಳಲ್ಲಿ ತುಂಬಾ ಇದ್ದಾರೆ. ಕೋಚ್‌ಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ. ಭಾಷೆ ಒಂದು ಕಾರಣ. ಆಟಗಾರ ಕಾಲಿನಲ್ಲಿ ಮಾತಾಡಿದರೆ ನಡೆಯುತ್ತದೆ, ಕೋಚ್ ಬಾಯಿಯಲ್ಲೇ ಮಾತಾಡಬೇಕು. ಇನ್ನೊಂದು ಕಾರಣ ಲೈಸೆನ್ಸ್. ಎಎಫ್‌ಸಿ ಡಿ, ಸಿ, ಬಿ, ಎ ಎಂದು ಹಂತ ಹಂತವಾಗಿ ಕೋರ್ಸ್ ನಡೆಸುತ್ತದೆ, ಎಲ್ಲಕ್ಕೂ ಮೇಲಿನದು ಪ್ರೊ. ಆದರೆ ಯುರೋಪಿನ ಸಂಸ್ಥೆ ಕೊಡುವ ಪ್ರೊ ಲೈಸೆನ್ಸ್ ಬೇರೆ.

ಆಸ್ಟ್ರೇಲಿಯಾದ ಆಂಜ್ ಪೋಸ್ಟೆಕೊಗ್ಲು 2021ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್‌ಗೆ ಹೋಗುವಾಗ ಈ ತೊಡಕು ಎದುರಾಯಿತು. ಅವರ ಬಳಿ ಇದ್ದದ್ದು ಏಷ್ಯಾದ ಪ್ರೊ ಲೈಸೆನ್ಸ್, ಅದಕ್ಕೆ ಬೇರೆಯಾಗಿ ಒಪ್ಪಿಗೆ ಪಡೆಯಬೇಕಾಯಿತು. ಇವರನ್ನು ಏಷ್ಯಾದ ಕೋಚ್ ಎನ್ನಬಹುದಾ? ಹುಟ್ಟಿದ್ದು ಗ್ರೀಸ್‌ನಲ್ಲಿ, ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಆದರೆ ಆಸ್ಟ್ರೇಲಿಯಾ 2006ರಲ್ಲಿ ಎಎಫ್‌ಸಿ ಸೇರಿತು, 2015ರ ಏಷ್ಯನ್ ಕಪ್ ಗೆದ್ದ ಕೋಚ್ ಇವರೇ, 2019ರಲ್ಲಿ ಜಪಾನ್ ಲೀಗನ್ನೂ ಗೆದ್ದರು. ಕಾಗದದ ಪ್ರಕಾರ ಹೌದು. 2025ರ ಮೇಯಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್‌ಗೆ ಯುರೋಪಾ ಲೀಗ್ ಗೆಲ್ಲಿಸಿದರು. ಲೀಗ್‌ನಲ್ಲಿ ತಂಡ ಕೆಳಗಿತ್ತೆಂದು ಮುಂದಿನ ತಿಂಗಳೇ ಕ್ಲಬ್ ಅವರನ್ನು ತೆಗೆಯಿತು.

ಭಾರತದಲ್ಲಿ ರಹೀಂ ನಂತರ

ರಹೀಂ ಶಿಷ್ಯರಲ್ಲಿ ಕೋಚ್ ಆಗಿ ಹೆಸರು ಮಾಡಿದವರು ಇದ್ದಾರೆ. ಫೈನಲ್‌ನಲ್ಲಿ ಗೋಲು ಹೊಡೆದ ಪಿ.ಕೆ. ಬ್ಯಾನರ್ಜಿ ಕೋಲ್ಕತಾದಲ್ಲಿ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ಎರಡಕ್ಕೂ ಕೋಚ್ ಆದರು. ಪಂದ್ಯಕ್ಕೆ ಮುಂಚೆ ಆಟಗಾರರ ರಕ್ತ ಕುದಿಯುವ ಹಾಗೆ ಮಾತಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂಬ ಹೆಸರಿತ್ತು. 1997ರ ಫೆಡರೇಶನ್ ಕಪ್ ಸೆಮಿಫೈನಲ್‌ಗೆ ಕೋಲ್ಕತಾದ ಸಾಲ್ಟ್‌ಲೇಕ್ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮೀರಿ ಜನ ಸೇರಿದ್ದರು. ಎದುರು ಮೋಹನ್ ಬಗಾನ್ ಕೋಚ್ ಅಮಲ್ ದತ್ತಾ, ಡೈಮಂಡ್ ಎಂಬ ಹೊಸ ಕ್ರಮದಿಂದ ಸುದ್ದಿಯಲ್ಲಿದ್ದವರು. ಪಿ.ಕೆ. ಅವರ ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು, ಬೈಚುಂಗ್ ಭುಟಿಯಾ 3 ಗೋಲು. ಹೈದರಾಬಾದಿನವರೇ ಆದ ಸೈಯದ್ ನಯೀಮುದ್ದೀನ್ 1970ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ತಂಡದ ಕ್ಯಾಪ್ಟನ್. ಮುಂದೆ ಭಾರತದ ಕೋಚ್ ಆದರು, ದ್ರೋಣಾಚಾರ್ಯ ಪ್ರಶಸ್ತಿ ಪಡೆದರು.

ಆಮೇಲೆ ಎಳೆ ಸಡಿಲಾಯಿತು. ಇಂಗ್ಲೆಂಡ್, ಡಚ್, ಕ್ರೊಯೇಷಿಯಾ, ಸ್ಪೇನ್ ಎಂದು ಒಬ್ಬರಾದ ಮೇಲೆ ಒಬ್ಬರು ಹೊರಗಿನವರು ಬಂದರು, ಹೋದರು. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಶುರುವಾದ ಮೇಲೂ ಅಲ್ಲಿ ಬಹುತೇಕ ಕೋಚ್‌ಗಳು ವಿದೇಶಿಯರೇ, ಭಾರತೀಯರು ಪಕ್ಕದಲ್ಲಿ ಕೂರುವವರು. ಕಲಿತವರಿಗೆ ಮುಂದಿನ ಕುರ್ಚಿ ಸಿಗಲಿಲ್ಲ ಎಂಬುದೇ ಜಪಾನಿಗೂ ನಮಗೂ ಇರುವ ವ್ಯತ್ಯಾಸ.

ಖಾಲಿದ್ ಜಮೀಲ್ ಇಲ್ಲಿಗೆ ಬಂದದ್ದು ಕೆಳಗಿನಿಂದ. ಹುಟ್ಟಿದ್ದು ಕುವೈತ್‌ನಲ್ಲಿ. 2016-17ರಲ್ಲಿ ಮಿಜೋರಾಂನ ಐಜ್ವಾಲ್ ಎಂಬ ಸಣ್ಣ ಕ್ಲಬ್‌ಗೆ ಐ ಲೀಗ್ ಗೆಲ್ಲಿಸಿದರು. ಈಶಾನ್ಯದ ತಂಡವೊಂದು ದೇಶದ ಲೀಗ್ ಗೆದ್ದದ್ದು ಅದೇ ಮೊದಲು. ಭಾರತದ ಕೋಚ್ ಆದ ಮರು ತಿಂಗಳೇ, ಮಧ್ಯ ಏಷ್ಯಾದ ನೇಷನ್ಸ್ ಕಪ್‌ನಲ್ಲಿ ಒಮಾನನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ತಂದರು. ಜನ ಖುಷಿಪಟ್ಟರು. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರ ಎದುರು 2-1ರಿಂದ ಸೋತು 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು, ನವೆಂಬರ್‌ನಲ್ಲಿ ಬಾಂಗ್ಲಾದೇಶದ ಎದುರೂ ಸೋಲು. ಅದೇ ಜನ ಬೈದರು. ಮೊರಿಯಾಸು ಕೂಡ 2019ರಲ್ಲಿ ಏಷ್ಯನ್ ಕಪ್ ಫೈನಲ್‌ನಲ್ಲಿ ಕತಾರ್ ಎದುರು 3-1ರಿಂದ ಸೋತಿದ್ದರು. ಜಪಾನ್ ಅವರನ್ನು ತೆಗೆಯಲಿಲ್ಲ. ಜರ್ಮನಿ ವಿರುದ್ಧದ ಆ ಬದಲಾವಣೆ ಬಂದದ್ದು ಅದಾಗಿ ಸುಮಾರು ನಾಲ್ಕು ವರ್ಷಕ್ಕೆ.